ರಾಜಿಯಾದವರ ಶುಲ್ಕ

ಯಾವ ಮುಖ ಇಟ್ಟುಕೊಂಡು ಹೋಗಬೇಕು ಎನ್ನುವುದು ಬೆಳಗಿನಿಂದ ಅವಳಿಗೆ ಬಗೆಹರಿದಿರಲಿಲ್ಲ. ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ, ಏನೂ ಆಗಿಲ್ಲವೆನ್ನುವಂಥ ಒಂದು ಮುಖ ಮಾಡಿ ನೋಡಿದಳು. ಅದು ಗಿರಾಕಿಗೆ, ನಿಮ್ಮ ಕನ್ನಡಕ ಇನ್ನೂ ಆಗಿಲ್ಲ, ನಾಳೆ ಬನ್ನಿ, ಎನ್ನುವಾಗಿನ ಮುಖ. ಬೇಡವೆನಿಸಿತು. ಗಂಭೀರವಾಗಿರೋಣವೆಂದರೆ ತುಟಿ ಬಿಗಿದುಕೊಂಡು, ಇಷ್ಟು ವರ್ಷ ಕೋರ್ಟಿನ ಬೆಂಚಿನ ಮೇಲೆ ಕಾದು ಕೂತಿದ್ದ ಹೆಂಗಸೇ ಕನ್ನಡಿಯೊಳಗೆ ಬಂದು ಕೂತಳು. ಇವತ್ತು ಅವಳನ್ನು ಕರೆದುಕೊಂಡು ಹೋಗುವಂತಿಲ್ಲ. ಇವತ್ತು ತಮ್ಮ ಬರುತ್ತಿರುವುದು ಜಗಳಕ್ಕಲ್ಲ. ಅವಳೇ ಫೋನು ಮಾಡಿ ಕರೆದದ್ದು, ಅವಳ ಕೆಲಸಕ್ಕೆ. ಯಾರ ಮೇಲೆ ದಾವೆ ಹೂಡಿದ್ದಳೋ ಅವನನ್ನೇ, ದಾವೆಗೆಂದು ಕಟ್ಟಿದ್ದ ಕೋರ್ಟ್ ಶುಲ್ಕ ವಾಪಸು ಕೊಡಿಸು ಬಾ ಎಂದು ಕರೆಯುವುದು ಎಂಥ ಕೆಲಸ ಎಂದು ಅವಳು ಗಂಡನನ್ನು ಕೇಳಿದ್ದಳು. ಗಂಡ ಬಸ್ ಡಿಪೋದಲ್ಲಿ ಹಾಜರಿ ಬರೆಯುವವನು. ಬಂದವರು, ಬಾರದವರು ಎಂದು ಲೋಕವನ್ನು ಎರಡೇ ಭಾಗ ಮಾಡಿ ನೋಡುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. "ರಾಜಿ ಮಾಡ್ಕೊಂಡೋರಿಗೆ ಕಟ್ಟಿದ ಶುಲ್ಕ ಪೂರ್ತಿ ವಾಪಸ್ಸು ಅಂತ ಕಾನೂನೇ ಹೇಳ್ತಿದೆ. ಬೇಡ ಅನ್ನೋಕೆ ನೀನ್ಯಾರು?" ಎಂದಿದ್ದ. "ರಾಜಿ ಮಾಡ್ಕೊಂಡ್ವಾ ನಾವು?" ಎಂದು ಅವಳು ಕೇಳಿದಳು. "ಸಹಿ ಹಾಕಿಲ್ವಾ?" "ಹಾಕಿದೀನಿ." "ಮತ್ತೆ?" ಅಷ್ಟು ಹೇಳಿ ಅವನು ಊಟದ ಡಬ್ಬಿ ತೆಗೆದುಕೊಂಡು ಹೊರಟೂಬಿಟ್ಟ.

ಬಸ್ಸಿನಲ್ಲಿ ಎಂದಿನಂತೆ ಅವಳ ಕಣ್ಣು ಜನರ ಕಿವಿಗಳ ಮೇಲೇ ಓಡಾಡಿತು. ಎದುರಿನ ಮುದುಕರ ಕನ್ನಡಕದ ಎಡಗಡೆಯ ಕಡ್ಡಿ ಸಡಿಲ. ನಿಂತಿದ್ದ ಹುಡುಗಿಯದು ಮೂಗಿಗೆ ದೊಡ್ಡದು, ಮಾತಿಗೊಮ್ಮೆ ಬೆರಳಿನಿಂದ ಮೇಲಕ್ಕೆ ತಳ್ಳಿಕೊಳ್ಳುತ್ತಾಳೆ. ಬೇರೆಯವರಿಗೆ ಮುಖ ಕಾಣುವಲ್ಲಿ ಅವಳಿಗೆ ಮೊದಲು ಕಾಣುವುದು ಇದು. ಅಪ್ಪನಿಗೂ ಹಾಗೇ ಇತ್ತು, ತಮ್ಮನಿಗೂ ಹಾಗೇ. ಅಪ್ಪ ತೀರಿಕೊಂಡ ಮೇಲೆ ಕನ್ನಡಕದ ಅಂಗಡಿ ತಮ್ಮನ ಕೈಗೆ ಹೋಯಿತು. ಯಾರೂ ಕೊಟ್ಟದ್ದಲ್ಲ, ನೆಲದ ಮೇಲೆ ಚೆಲ್ಲಿದ ನೀರು ತಗ್ಗು ನೋಡಿಕೊಂಡು ಹೋಗುವ ಹಾಗೆ ತಾನಾಗಿ ಹೋದದ್ದು. ಮುಂದೆ ಕೌಂಟರಿನಲ್ಲಿ ಅವನು ಗಿರಾಕಿಗಳ ಜೊತೆ ನಗುತ್ತಿದ್ದ. ಹಿಂದಿನ ಕೋಣೆಯಲ್ಲಿ ಅವಳು, ಮದುವೆಗೆ ಮುಂಚೆ ಹೇಗೋ ಆಮೇಲೂ ಹಾಗೆಯೇ, ಯಂತ್ರದ ಮುಂದೆ ಕೂತು ಗಾಜು ಉಜ್ಜುತ್ತಿದ್ದಳು. ಒಂದು ಬೆಳಿಗ್ಗೆ ಬಂದಾಗ ಬೋರ್ಡಿಗೆ ಹೊಸ ಬಣ್ಣ ಬಂದಿತ್ತು. ಅಪ್ಪನ ಹೆಸರಿನ ಮುಂದೆ 'ಮತ್ತು ಮಗ' ಎಂದು ದಪ್ಪ ಅಕ್ಷರ. ಬಣ್ಣ ಇನ್ನೂ ಹಸಿ. ಅವಳು ಅದನ್ನು ನೋಡಿ ಒಳಗೆ ಹೋದಳು, ದಿನವಿಡೀ ಕೆಲಸ ಮಾಡಿದಳು, ಸಂಜೆ ಹೊರಟಾಗ ತಮ್ಮ, "ಹೆಂಗಿದೆ ಬೋರ್ಡು?" ಎಂದು ಕೇಳಿದ್ದಕ್ಕೆ, "ಚೆನ್ನಾಗಿದೆ," ಎಂದಳು. ಅಲ್ಲಿಂದ ಸೀದಾ ವಕೀಲರ ಮನೆಗೆ ಹೋದಳು, ಅಂಗಡಿಯಲ್ಲಿ ಅರ್ಧ ಪಾಲಿಗೆ ದಾವೆ ಹೂಡಲು. ವಕೀಲರು ಕೇಳಿದ ಪ್ರಶ್ನೆಗಳಿಗೆಲ್ಲ ಅವಳು ಎಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟಳೆಂದರೆ, ಯಾರೋ ಬಹಳ ದಿನ ಕಂಠಪಾಠ ಮಾಡಿಕೊಂಡು ಬಂದ ಹಾಗಿತ್ತು. ಆ 'ಚೆನ್ನಾಗಿದೆ' ಎನ್ನುವ ಮಾತು ಯಾಕೆ ಬಾಯಿಂದ ಬಂತು ಎಂದು ಮಾತ್ರ ಅವರು ಕೇಳಲಿಲ್ಲ. ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳೋ. ಬಸ್ಸಿನ ಹುಡುಗಿ ಮತ್ತೆ ಕನ್ನಡಕ ಮೇಲೆ ತಳ್ಳಿಕೊಂಡಳು. ಒಂದು ಸಣ್ಣ ಇಕ್ಕಳವಿದ್ದರೆ ಇಲ್ಲೇ ಸರಿಮಾಡಬಹುದು ಎನಿಸಿ, ಅಪರಿಚಿತರ ಮುಖಕ್ಕೆ ಕೈ ಹಾಕುವ ಯೋಚನೆ ಬಂದದ್ದಕ್ಕೆ ನಾಚಿಕೆಯಾಗಿ, ಅವಳು ಹೊರಗೆ ನೋಡಿದಳು.

ಶುಲ್ಕದ ವಿಭಾಗ ಕೋರ್ಟಿನ ಹಿಂದಿನ ಕಟ್ಟಡದಲ್ಲಿ. ಕಬ್ಬಿಣದ ಬೀರುಗಳನ್ನು ಕೋಣೆಯೊಳಗೆ ಹಿಡಿಸಲಾರದೆ ಕಾರಿಡಾರಿನಲ್ಲೂ ನಿಲ್ಲಿಸಿದ್ದರು. ಜನ ಅವುಗಳ ನಡುವೆ ಓರೆಯಾಗಿ ನಡೆಯಬೇಕು. ಬೆಂಚಿನ ತುದಿಯಲ್ಲಿ ತಮ್ಮ ಆಗಲೇ ಬಂದು ಕೂತಿದ್ದ. ಅವಳು ಸಿದ್ಧಮಾಡಿಕೊಂಡಿದ್ದ ಮುಖಗಳಲ್ಲಿ ಯಾವುದೂ ಒದಗಿ ಬರಲಿಲ್ಲ. "ಬಂದೆಯಾ," ಎಂದಳು. ಎದುರಿಗಿರುವವನನ್ನು ಬಂದೆಯಾ ಎಂದು ಕೇಳುವುದು ಏನು ಮಾತು. "ಹೂಂ. ಮಧ್ಯಾಹ್ನದ ಪಾಳಿ ಹಾಕಿಸ್ಕೊಂಡೆ," ಎಂದು ಅವನು ಸರಿದು ಜಾಗ ಮಾಡಿಕೊಟ್ಟ. ಸ್ವೆಟರಿನೊಳಗೆ ತಿಳಿ ನೀಲಿ ಅಂಗಿಯ ಕಾಲರು ಕಾಣುತ್ತಿತ್ತು, ಊರಾಚೆಯ ದೊಡ್ಡ ಕನ್ನಡಕದ ಮಳಿಗೆಯ ನೌಕರರು ಹಾಕುವ ಅಂಗಿ. ಆ ಅಂಗಿಯನ್ನು ಅವಳು ಮೊದಲೇ ಒಮ್ಮೆ ನೋಡಿದ್ದಳು. ಗಾಜಿನ ಗೋಡೆಯ ಆಚೆ ಅವನು ಬಗ್ಗಿ ಯಾರೋ ಹೆಂಗಸಿನ ಕಿವಿಯ ಹಿಂದೆ ಕಡ್ಡಿ ಸರಿಪಡಿಸುತ್ತಿದ್ದ, ಎದೆಯ ಮೇಲೆ ಹೆಸರಿನ ಪಟ್ಟಿ, ಅದೇ ನಗು. ಅವಳು ಹೆಜ್ಜೆ ನಿಧಾನ ಮಾಡದೆ ದಾಟಿ ಹೋಗಿದ್ದಳು, ಮುಂದಿನ ತಿರುವಿನಲ್ಲಿ ಗೋಡೆ ಹಿಡಿದು ನಿಂತಿದ್ದಳು. ಈಗ ಅದೇ ಕಾಲರಿನ ಪಕ್ಕದಲ್ಲಿ ಕೂತು, "ಚಳಿ ಇದೆಯಲ್ಲ," ಎಂದಳು. "ಇದೆ," ಎಂದ ಅವನು. ಆಮೇಲೆ, "ಮಂಡಿ ನೋವು ಹೆಂಗಿದೆ?" ಎಂದು ಕೇಳಿದ. ಅವಳಿಗೆ ಮಂಡಿ ನೋವಿರುವುದು ಅವನಿಗೆ ಯಾರು ಹೇಳಿದರು? ನಡೆದುಬರುವಾಗ ನೋಡಿರಬೇಕು. ಅಥವಾ ಮೊದಲಿನಿಂದಲೂ ಇತ್ತೇನೋ, ಮುಂಚೆ ಅವನು ಕೇಳುತ್ತಿದ್ದನೇನೋ. ನೆನಪಾಗಲಿಲ್ಲ.

"ವಾದಿ ಯಾರು?" ಕಿಟಕಿಯ ಹಿಂದಿನಿಂದ ಗುಮಾಸ್ತೆ ಕೂಗಿದರು. ಅವಳು ಸುಮ್ಮನೆ ಕೂತಿದ್ದಳು. ಆ ಶಬ್ದ ಬೇರೆ ಯಾರಿಗೋ ಎನ್ನಿಸಿತ್ತು. ತಮ್ಮ ಮೊಣಕೈಯಿಂದ ಮೆಲ್ಲಗೆ ತಿವಿದ. "ನೀನೇ ಕಣಕ್ಕ ವಾದಿ. ಪ್ರತಿವಾದಿ ನಾನು." ಅವನ ಧ್ವನಿಯಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ತಿಳಿಯಲಿಲ್ಲ. ಬಸ್ಸಿನಲ್ಲಿ ಇಳಿಯುವ ಜಾಗ ಬಂತು ಎಂದು ಎಬ್ಬಿಸುವ ಹಾಗೆ ಹೇಳಿದ್ದ. ಇಬ್ಬರೂ ಕಿಟಕಿಗೆ ಹೋದರು. ಗುಮಾಸ್ತೆಯ ಕನ್ನಡಕ ಒಂದು ಕಡೆ ಕಿವಿಯಿಂದ ಎದ್ದು ಹುಬ್ಬಿನ ಮೇಲೆ ಓರೆಯಾಗಿ ಕೂತಿತ್ತು. ಅವರು ಅದರ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಅರ್ಜಿ ನೋಡಿ, "ಪ್ರಕರಣ ಯಾವ ರೀತಿ ಮುಗೀತು?" ಎಂದರು.

"ಅದರಲ್ಲೇ ಇದೆ," ಎಂದಳು ಅವಳು.

"ಇರೋದು ನಂಗೂ ಕಾಣುತ್ತೆ ತಾಯಿ. ನಿಮ್ಮ ಬಾಯಿಂದ ಬರ್ಲಿ. ಹೊಸ ಅಧಿಕಾರಿಗಳು ಬಂದಿದಾರೆ, ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಕೇಳದೆ ಸಹಿ ಹಾಕಲ್ಲ. ಒಬ್ಬರು ಹಿಂಗೆ, ಒಬ್ಬರು ಹಂಗೆ ಅಂದ್ರೆ ಅರ್ಜಿ ವಾಪಸ್ಸು. ಅದಕ್ಕೇ ಮೊದಲು ನಾನು ಕೇಳ್ತಿರೋದು. ಹೇಳಿ."

"ರಾಜಿ," ಎಂದ ತಮ್ಮ.

"ನಾನು ವಾದೀನ ಕೇಳಿದ್ದು."

"ರಾಜಿ," ಎಂದಳು ಅವಳು. ಪಾಠ ಒಪ್ಪಿಸಿದ ಹಾಗಿತ್ತು. ಹಿಂದೆ ಸಾಲಿನಲ್ಲಿದ್ದವರು ಯಾರೋ ಕೆಮ್ಮಿದರು. ತಮ್ಮನ ಕಣ್ಣು ಗುಮಾಸ್ತೆಯ ಕಿವಿಯ ಮೇಲಿದ್ದದ್ದನ್ನು ಅವಳು ನೋಡಿದಳು. ತನ್ನ ಕಣ್ಣೂ ಅಲ್ಲೇ ಇತ್ತು. ಇಬ್ಬರೂ ಒಂದೇ ಕಿವಿಯನ್ನು ನೋಡುತ್ತ ನಿಂತಿರುವುದು ಅರಿವಿಗೆ ಬಂದು ಅವಳಿಗೆ ಒಳಗೊಳಗೇ ನಗು ಬಂತು, ಇಷ್ಟು ಕಾಲದ ಮೇಲೆ ಮೊದಲ ಸಲ. ಅಷ್ಟರಲ್ಲಿ ಅವನು, "ಸಾರ್, ಒಂದು ನಿಮಿಷ ಕೊಡ್ತೀರಾ ಅದನ್ನ?" ಎಂದು ಕಿಟಕಿಯೊಳಗೆ ಕೈ ಚಾಚಿ ಕನ್ನಡಕ ಇಸಿದುಕೊಂಡ. ಕಡ್ಡಿಯನ್ನು ಅಂಗೈಯಲ್ಲಿ ಉಜ್ಜಿ ಬಿಸಿಮಾಡಿ, ಹೆಬ್ಬೆರಳಿನಿಂದ ಒತ್ತಿ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ ಮರಳಿ ಕೊಟ್ಟ. ಗುಮಾಸ್ತೆ ಹಾಕಿಕೊಂಡು ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದರು. ಮುಖವೇ ಬದಲಾಯಿತು. "ಅರೆ. ನೀವು ಇದೇ ಕಸುಬಿನವರಾ? ಅಂಗಡಿ ಎಲ್ಲಿ?"

"ಅಂಗಡಿ ಅಕ್ಕಂದು ಸಾರ್," ಎಂದ ತಮ್ಮ.

ಎಷ್ಟು ಸಲೀಸಾಗಿ ಹೇಳಿದ. ಈ ಒಂದು ಮಾತು ಅವನ ಬಾಯಿಂದ ಬರಲಿ ಎಂದೇ ಅಲ್ಲವೇ ಅವಳು ಇಷ್ಟು ವರ್ಷ ಮೆಟ್ಟಿಲು ಹತ್ತಿ ಇಳಿದದ್ದು. ಅಂಗಡಿ ಅಕ್ಕಂದೂ ಹೌದು ಎಂದು. ಆ 'ಊ' ಎಲ್ಲಿ ಬಿದ್ದುಹೋಯಿತು? ಗುಮಾಸ್ತೆ ಈಗ ಅವಳನ್ನು ಮರ್ಯಾದೆಯಿಂದ ನೋಡಿ, "ಕೂತ್ಕೊಳ್ಳಿ ಅಮ್ಮ, ಕರೀತಾರೆ," ಎಂದರು. ಕನ್ನಡಕ ನೆಟ್ಟಗೆ ಮಾಡಿದವನು ಅವನು, ಮರ್ಯಾದೆ ಸಿಕ್ಕಿದ್ದು ಇವಳಿಗೆ. ಬೆಂಚಿಗೆ ಮರಳುವಾಗ ಬೀರುವಿನ ಹಿಡಿಕೆಗೆ ಸೊಂಟ ತಾಗಿ ನೋವಾಯಿತು. ಅವಳು ಮುಖ ತೋರಿಸಲಿಲ್ಲ.

ರಾಜಿಯಾದದ್ದು ಇದೇ ಆವರಣದಲ್ಲಿ, ಮುಂದಿನ ಕಟ್ಟಡದ ಮಹಡಿಯ ಒಂದು ಕೋಣೆಯಲ್ಲಿ. ಎದುರುಬದುರಾಗಿ ಕೂರಬಾರದು ಎಂದು ಅಲ್ಲಿ ದುಂಡು ಮೇಜು ಹಾಕಿದ್ದರು. ಹಾಗಿದ್ದರೂ ಅವರಿಬ್ಬರು ಎದುರುಬದುರಾಗಿಯೇ ಕೂತಿದ್ದರು. ರಾಜಿ ಮಾಡಿಸುವವರು ಒಬ್ಬರು ಹಿರಿಯ ಹೆಂಗಸು, ಪಾಪ, ನೆಗಡಿಯಾಗಿತ್ತು. ಮೂಗು ಒರೆಸಿಕೊಳ್ಳುತ್ತ, ಅಕ್ಕ ಅರ್ಧ ಕೇಳಿದ್ದಾರೆ, ಏನು ಹೇಳುತ್ತೀರಿ, ಎಂದು ತಮ್ಮನನ್ನು ಕೇಳಿದರು. ಅವನು ಇಲ್ಲವೆನ್ನುತ್ತಾನೆ ಎಂದು ಅವಳು ಕಾದಿದ್ದಳು. ಇಲ್ಲ ಎಂದರೆ ಏನು ಹೇಳಬೇಕೆಂದು ಅವಳಿಗೆ ಗೊತ್ತಿತ್ತು, ವಕೀಲರಿಗೂ ಗೊತ್ತಿತ್ತು. ಅವನು ಆ ಹೆಂಗಸನ್ನು ನೋಡದೆ ನೇರ ಇವಳನ್ನೇ ನೋಡುತ್ತ, "ಅರ್ಧ ಯಾಕೆ? ಪೂರ್ತಿ ಅವಳೇ ಇಟ್ಕೊಳ್ಲಿ," ಎಂದ. ಅಂದು ನೋಡುತ್ತಲೇ ಇದ್ದ. ಕೋಣೆಯಲ್ಲಿ ಫ್ಯಾನಿನ ಸದ್ದು. ಇದು ಎಂಥ ನೋಟ? ತೊಗೋ, ಸಾಯಿ, ಎನ್ನುವ ನೋಟವೇ? ತೊಗೋ, ನಿನ್ನದೇ, ಎನ್ನುವ ನೋಟವೇ? ಆಮೇಲೆ ವಕೀಲರು ಪೆನ್ನಿನ ಮುಚ್ಚಳ ತೆಗೆದು, "ನಮ್ಮ ಕಕ್ಷಿದಾರರಿಗೆ ಒಪ್ಪಿಗೆ," ಎಂದುಬಿಟ್ಟರು. ಅಂದಿನಿಂದ ಅವಳು ಆ ನೋಟವನ್ನು ದಿನಕ್ಕೊಂದು ಥರ ಓದುತ್ತ ಬಂದಿದ್ದಳು. ಗಿರಾಕಿ ಹೆಚ್ಚು ಬಂದ ದಿನ ತಮ್ಮ ದೊಡ್ಡ ಮನಸ್ಸಿನವನು. ಅಂಗಡಿ ಬಿಕೋ ಎಂದು, ಬಂದ ಒಬ್ಬಿಬ್ಬರೂ, ಅವರಿಲ್ವಾ, ನಾಳೆ ಸಿಗ್ತಾರಾ, ಎಂದು ಅವನನ್ನೇ ಕೇಳಿ ಹೋದ ದಿನ, ಅವನು ಅಂಗಡಿಯನ್ನು ಅವಳ ಮುಖದ ಮೇಲೆ ಎಸೆದು ಹೋದವನು. ಗಂಡನನ್ನು ಕೇಳಿದರೆ, "ಹೆಂಗಾದ್ರೂ ಕೊಟ್ಟಿರ್ಲಿ, ಬಂತಲ್ಲ," ಎನ್ನುತ್ತಿದ್ದ.

ಕಾರಿಡಾರಿನ ಕೊನೆಯಲ್ಲಿ ಯಾರೋ ಚಹ ಮಾರುತ್ತಿದ್ದರು. ತಮ್ಮ ಹೋಗಿ ಎರಡು ಲೋಟ ತಂದ, ಅವಳದು ಸಕ್ಕರೆಯಿಲ್ಲದ್ದು. ಇದೂ ಅವನಿಗೆ ನೆನಪಿದೆ. ಬಿಸಿ ಲೋಟವನ್ನು ಕೈಯಿಂದ ಕೈಗೆ ಬದಲಾಯಿಸುತ್ತ, ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳುವುದಿಲ್ಲ ಎನಿಸಿ, ಅವಳು, "ನಿನ್ನ ಒಂದು ಕೇಳ್ಬೇಕಿತ್ತು," ಎಂದಳು.

"ಕೇಳು."

"ಅವತ್ತು ಪೂರ್ತಿ ಯಾಕೆ ಕೊಟ್ಟೆ?"

ಅವನು ಚಹ ಊದಿ ಕುಡಿದ. "ಕೊಡ್ಬೇಕು ಅಂತ ಹೇಳಿದ್ದಲ್ಲ ಅದು."

"ಮತ್ತೆ?"

"ಸಿಟ್ಟು ಬಂದಿತ್ತು. ಬಾಯಿಗೆ ಬಂತು, ಅಂದೆ. ನೀನು ಬೇಡ ಅಂತೀಯ ಅನ್ಕೊಂಡೆ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅವನು ಲೋಟದೊಳಗೆ ನೋಡುತ್ತ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದ. "ಚಿಕ್ಕೋರಿದ್ದಾಗ ನಾನು ಮುನಿಸ್ಕೊಂಡು, ಹೋಗು, ಪೂರ್ತಿ ನೀನೇ ತಿನ್ನು, ಅಂತ ತಟ್ಟೆ ತಳ್ಳಿದ್ರೆ, ನೀನು ಯಾವತ್ತು ತಿಂದಿದೀಯ? ಮುರಿದು ಅರ್ಧ ಕೈಗಿಡ್ತಿದ್ದೆ. ಅವತ್ತೂ ಹಂಗೇ ಅನ್ಕೊಂಡೆ. ನೀನು, ಹೋಗೋ, ಪೂರ್ತಿ ತೊಗೊಂಡು ನಾನೇನ್ ಮಾಡ್ಲಿ, ಅಂತೀಯ, ಇಬ್ಬರಿಗೂ ನಗು ಬರುತ್ತೆ, ಆಮೇಲೆ ಆ ನೆಗಡಿಯಮ್ಮ ಏನ್ ಬೇಕಾದ್ರೂ ಬರ್ಕೊಳ್ಲಿ ಅಂತ."

"ನಾನೇನೂ ಅನ್ಲಿಲ್ಲ."

"ಏನೂ ಅನ್ಲಿಲ್ಲ."

"ವಕೀಲರು ಹೇಳ್ಬಿಟ್ರು ಕಣೋ."

"ಹೌದು. ಆದ್ರೆ ಅವರು ಹೇಳೋಕೆ ಮುಂಚೆ ತುಂಬ ಹೊತ್ತಿತ್ತಲ್ಲ ಅಕ್ಕ."

ಇದನ್ನು ಅವನು ಸಿಟ್ಟಿನಿಂದ ಹೇಳಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅವನು ಹೇಳಿ, ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟು, ಕೊಟ್ಟುಬರಲು ಎದ್ದು ಹೋದ. ಅವಳು ಕೂತೇ ಇದ್ದಳು. ಹಾಗಾದರೆ ಆ ನೋಟ ಔದಾರ್ಯವೂ ಅಲ್ಲ, ಹಗೆಯೂ ಅಲ್ಲ. ಅವನು ಸುಮ್ಮನೆ ಕಾಯುತ್ತಿದ್ದ. ಅವಳು ಬಾಯಿ ಬಿಡಲಿ ಎಂದು ಕಾಯುತ್ತಿದ್ದ. ಅಷ್ಟೇ. ಮತ್ತೆ ತಾನು? ತಾನು ಆಗ ಮಾಡುತ್ತಿದ್ದದ್ದೇನು? ದಿಗ್ಭ್ರಮೆಯಿಂದ ಸುಮ್ಮನಿದ್ದೆ ಎಂದು ಇಷ್ಟು ದಿನ ತಿಳಿದಿದ್ದಳು. ಈಗ ಅದೂ ನಿಜವೆನಿಸಲಿಲ್ಲ. ಆ ಹೊತ್ತಿನ ಒಳಗೆ ಎಲ್ಲೋ, ಗಾಜಿನಲ್ಲಿ ಗೀರು ಇದ್ದ ಹಾಗೆ, ಓರೆಯಾಗಿ ಹಿಡಿದರೆ ಮಾತ್ರ ಕಾಣುವ ಹಾಗೆ, ಒಂದು ಆಸೆ ಇತ್ತೇ? ಪೂರ್ತಿ, ಎನ್ನುವ ಶಬ್ದ ಕಿವಿಗೆ ಬಿದ್ದಾಗ ಹೊಟ್ಟೆಯಲ್ಲಿ ತಣ್ಣಗೆ ಏನೋ ಇಳಿಯಲಿಲ್ಲವೇ? ಇಳಿಯಿತೆಂದು ಈಗ ಅನ್ನಿಸುತ್ತಿದೆಯೋ, ಆಗಲೇ ಇಳಿದಿತ್ತೋ? ಅವಳು ಅದನ್ನು ಹಿಡಿಯಲು ಹೋದಷ್ಟೂ ಅದು ಮಸುಕಾಯಿತು. ಅವಳನ್ನು ಆಸೆಬುರುಕಿ ಎಂದು ತಿಳಿದೇ ತಮ್ಮ ಇಷ್ಟು ದಿನ ಇದ್ದನೇ? ಹಾಗೆ ತಿಳಿದವನು ಸಕ್ಕರೆಯಿಲ್ಲದ ಚಹ ಯಾಕೆ ತರುತ್ತಾನೆ? ಮರಳಿ ಬಂದ ಅವನ ಮುಖ ನೋಡಿದಳು. ಅಲ್ಲಿ ಬೆಳಗಿನ ಚಳಿಗೆ ಕೆಂಪಾದ ಮೂಗು ಬಿಟ್ಟರೆ ಏನೂ ಕಾಣಲಿಲ್ಲ. ಅವಳು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಜವಾನ ಬಂದು, ವಾದಿ ಪ್ರತಿವಾದಿ ಇಬ್ಬರೂ ಒಳಗೆ ಬರಬೇಕಂತೆ, ಎಂದ.

ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು. ಕನ್ನಡಕವಿರಲಿಲ್ಲ, ಹಾಗಾಗಿ ಅವರ ಮುಖದಲ್ಲಿ ಎಲ್ಲಿ ನೋಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಕೂರಲು ಹೇಳಿದರು. ಪಕ್ಕದಲ್ಲಿ ಟೈಪು ಮಾಡುವ ಹೆಂಗಸು ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು ಕಾಯುತ್ತಿದ್ದಳು. "ಒಂದೇ ಪ್ರಶ್ನೆ," ಎಂದರು ಅಧಿಕಾರಿ. "ನೀವಿಬ್ಬರೂ ನಿಮ್ಮ ಸ್ವಂತ ಇಚ್ಛೆಯಿಂದ ರಾಜಿ ಆಗಿದೀರಿ, ಯಾರ ಒತ್ತಾಯವೂ ಇರ್ಲಿಲ್ಲ, ಈಗ ನಿಮ್ಮ ನಡುವೆ ತಕರಾರು ಏನೂ ಉಳಿದಿಲ್ಲ. ಹೌದಾ?"

"ಹೌದು ಸಾರ್," ಎಂದ ತಮ್ಮ.

ಎಲ್ಲರೂ ಅವಳ ಕಡೆ ತಿರುಗಿದರು. ಒಂದು ಮಾತು. ಮಗುವೂ ಹೇಳಬಹುದಾದ ಮಾತು. ಆದರೆ ಪ್ರಶ್ನೆಯ ಒಂದೊಂದು ತುಣುಕೂ ಅವಳಿಗೆ ಬೇರೆ ಬೇರೆಯಾಗಿ ಕಾಣತೊಡಗಿತು. ಸ್ವಂತ ಇಚ್ಛೆ ಯಾರದು? ಅವನು ಬೇಡವೆನ್ನಲಿ ಎಂದು ಕೊಟ್ಟ. ಅವಳು ಬಾಯಿ ಬಾರದೆ ತೆಗೆದುಕೊಂಡಳು. ಒಪ್ಪಿಗೆ ಎಂದವರು ವಕೀಲರು. ಮೂರು ಜನರ ನಡುವೆ ಇಚ್ಛೆ ಎನ್ನುವುದು ಎಲ್ಲಿತ್ತು? ಮೇಜಿನ ಮೇಲಿನ ಕಾಗದಭಾರವನ್ನು ನೋಡುತ್ತ ಅವಳು ಹೇಳಿದಳು: "ಅವನು ಕೊಡ್ಬೇಕು ಅಂತ ಕೊಟ್ಟಿದ್ದಲ್ಲ."

ಟೈಪು ಮಾಡುವವಳ ಬೆರಳು ಮೇಲೆದ್ದವು. "ಅಂದ್ರೆ? ಯಾರಾದ್ರೂ ಹೆದರಿಸಿ ಕೊಡಿಸಿದ್ರಾ?" ಎಂದರು ಅಧಿಕಾರಿ.

"ಇಲ್ಲ. ಬಾಯಿಗೆ ಬಂತು, ಅಂದ. ನಾನು ಬೇಡ ಅನ್ಬೇಕಿತ್ತು. ಅನ್ಲಿಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಅವರ ಧ್ವನಿ ಒರಟಾಗಿರಲಿಲ್ಲ. "ಅಮ್ಮ, ಕೊಟ್ಟವರು ಬಂದು ಈ ಥರ ತಕರಾರು ಹೇಳೋದುಂಟು. ತೊಗೊಂಡವರು ಹೇಳಿದ್ದನ್ನ ನಾನು ಇವತ್ತೇ ಕೇಳ್ತಿರೋದು. ನೀವು ಹಿಂಗಂದ್ರೆ ನಾನು ಏನಂತ ಬರೀಲಿ? ರಾಜಿ ಆಗಿಲ್ಲ ಅಂತ ಬರೆದ್ರೆ ಶುಲ್ಕ ಸಿಗಲ್ಲ. ಅಷ್ಟೇ. ತೀರ್ಪಂತೂ ಹಂಗೇ ಇರುತ್ತೆ, ಅಂಗಡಿ ನಿಮ್ಮದೇ ಆಗಿರುತ್ತೆ." ಆಮೇಲೆ ತಮ್ಮನ ಕಡೆ ತಿರುಗಿ, "ನಿಮ್ಮದೇನಾದ್ರೂ ತಕರಾರಿದೆಯಾ?" ಎಂದರು.

"ಇಲ್ಲ ಸಾರ್," ಎಂದ ತಮ್ಮ. ಆಮೇಲೆ ನಗುತ್ತ, "ಅಕ್ಕ ಬೆಳಗ್ಗೆ ಏನೂ ತಿಂದು ಬಂದಿಲ್ಲ ಅನ್ಸುತ್ತೆ. ಹೊಟ್ಟೆ ಖಾಲಿ ಇದ್ರೆ ಹಿಂಗೇ ಅವಳು," ಎಂದ.

ಟೈಪು ಮಾಡುವವಳು ನಕ್ಕಳು. ಅಧಿಕಾರಿಯೂ ತುಟಿ ಸಡಿಲಿಸಿದರು. ಗಿರಾಕಿಗಳನ್ನು ನಗಿಸಿ ತಡವಾದದ್ದನ್ನು ಮರೆಸುತ್ತಿದ್ದ ಅದೇ ಜಾಣತನ. ಇವತ್ತು ಅವಳ ಮೇಲೆ, ಅವಳಿಗಾಗಿ. ಬದುಕಿನಲ್ಲಿ ಮೊದಲ ಸಲ ಇಷ್ಟು ಜನರೆದುರು ಒಳಗಿನದ್ದನ್ನು ತೆಗೆದು ಇಟ್ಟರೆ ಅದು ಹಸಿವಾಗಿಹೋಯಿತು. ಇವನು ಕಾಪಾಡಿದನೋ ಅವಮಾನ ಮಾಡಿದನೋ? ತಮ್ಮ ಸ್ವಲ್ಪ ಬಗ್ಗಿ, ಅವಳಿಗೆ ಮಾತ್ರ ಕೇಳುವ ಹಾಗೆ, "ಹೌದು ಅನ್ನಕ್ಕ," ಎಂದ. ಮಗುವಿಗೆ ಔಷಧಿ ಕುಡಿಸುವ ಧ್ವನಿ. ಅವಳು, "ಹೌದು," ಎಂದಳು. ಕೀಲಿಗಳು ಸದ್ದು ಮಾಡಿದವು. ಅಧಿಕಾರಿ ಸಹಿ ಹಾಕಿ, ಹಣ ನಿಮ್ಮ ಖಾತೆಗೆ ಬರುತ್ತದೆ, ಮತ್ತೆ ಬರಬೇಕಾಗಿಲ್ಲ, ಎಂದರು. ಮತ್ತೆ ಬರಬೇಕಾಗಿಲ್ಲ ಎನ್ನುವ ಮಾತು ಕೇಳಿ ಅವಳಿಗೆ ಯಾಕೋ ಭಯವಾಯಿತು. ಇಷ್ಟು ವರ್ಷ ತಮ್ಮನನ್ನು ನೋಡಲು ಇದ್ದದ್ದು ಇದೊಂದೇ ಜಾಗ.

ಗೇಟಿನ ಹೊರಗೆ ಬಿಸಿಲು ಬಂದಿತ್ತು. ಅವನು ಸ್ವೆಟರು ತೆಗೆದು ಕೈಮೇಲೆ ಹಾಕಿಕೊಂಡ. ನೀಲಿ ಅಂಗಿ ಪೂರ್ತಿ ಕಂಡಿತು, ಇಸ್ತ್ರಿಯ ಗೆರೆ ನೇರವಾಗಿತ್ತು. "ಯಾಕೋ ಹಂಗಂದೆ ಒಳಗೆ?" ಎಂದು ಕೇಳಿದಳು.

"ಇನ್ನೇನನ್ಲಿ? ಮತ್ತೆ ಮೊದಲಿಂದ ಶುರು ಮಾಡ್ತಾರಾ? ನಂಗೆ ಆಗಲ್ಲಪ್ಪ."

"ಪಾಳಿಗೆ ಹೊತ್ತಿದೆಯಾ?"

"ಇದೆ ಸ್ವಲ್ಪ."

"ಅಂಗಡಿಗೆ ಬಾ."

ಅವನು ಬರುವುದಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ಸುಮ್ಮನೆ ಜೊತೆಗೆ ನಡೆದ. ದಾರಿಯುದ್ದಕ್ಕೂ ಅವನು ಅವಳ ಮಂಡಿಗೆ ಹೊಂದುವ ಹೆಜ್ಜೆಯಲ್ಲಿ ನಡೆಯುತ್ತಿದ್ದುದನ್ನು ನೋಡಿ ಅವಳು ವೇಗವಾಗಿ ನಡೆಯಲು ಹೋದಳು, ನೋವಾಗಿ ಮತ್ತೆ ನಿಧಾನವಾದಳು. ಅಂಗಡಿಯ ಮುಂದೆ ನಿಂತು ಅವನು ತಲೆಯೆತ್ತಿ ನೋಡಿದ. "ಬೋರ್ಡು ಬದಲಾಯಿಸ್ಲೇ ಇಲ್ಲ ನೀನು." 'ಮತ್ತು ಮಗ' ಎನ್ನುವುದು ಬಿಸಿಲಿಗೆ ಸ್ವಲ್ಪ ಮಾಸಿತ್ತು. ಬಣ್ಣದವನಿಗೆ ಹೇಳಬೇಕೆಂದು ಅವಳು ಎಷ್ಟೋ ಸಲ ಹೊರಟಿದ್ದಳು. ಏನೆಂದು ಬರೆಸುವುದು ಎನ್ನುವಲ್ಲಿ ನಿಂತುಬಿಡುತ್ತಿತ್ತು. "ಆಗ್ಲಿಲ್ಲ," ಎಂದಷ್ಟೇ ಹೇಳಿ ಬೀಗ ತೆಗೆದಳು. ಷಟರು ಎಂದಿನಂತೆ ನಡುವೆ ಸಿಕ್ಕಿಕೊಂಡಿತು. ಅದನ್ನು ಎಲ್ಲಿ ಒದ್ದರೆ ಏಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಪಾದ ಒಂದು ಸಲ ಮುಂದೆ ಬಂದು ನಿಂತದ್ದನ್ನು ಅವಳು ಕಣ್ಣಂಚಿನಿಂದ ನೋಡಿದಳು. ಅವನು ಒದೆಯಲಿಲ್ಲ. ಅವಳೇ ತಿಣುಕಿ ಎತ್ತಿ, ಒಳಗೆ ಹೋಗಿ ದೀಪ ಹಾಕಿದಳು. ಗಾಜಿನ ಕಪಾಟುಗಳಲ್ಲಿ ಖಾಲಿ ಫ್ರೇಮುಗಳು ಸಾಲಾಗಿ ಇಬ್ಬರನ್ನೂ ನೋಡಿದವು. ಅವನು ಕೌಂಟರಿನ ಹಲಗೆ ಎತ್ತಿ ಒಳಗೆ ಬರಲಿಲ್ಲ. ಗಿರಾಕಿಗಳು ಕೂರುವ ಕುರ್ಚಿಯನ್ನು ಎಳೆದು, ಸ್ವೆಟರು ತೊಡೆಯ ಮೇಲಿಟ್ಟುಕೊಂಡು ಕೂತ. ಅವಳು ಕೌಂಟರಿನ ಹಿಂದೆ ಹೋಗಿ ನಿಂತಳು. ನಿಂತಾಗ ಕೈಗಳು ತಾವಾಗಿ ಮೇಜಿನ ಮೇಲೆ ಬಂದವು, ಬಾಯಿ ತಾನಾಗಿ ಹೇಳಿತು: "ಹೇಳಿ, ಏನು ಬೇಕಿತ್ತು?"

ಹೇಳಿದ ಮೇಲೆ ಕೇಳಿಸಿತು. ಹೇಳಿ. ಬಹುವಚನ. ಅವನು ಹುಬ್ಬೆತ್ತಿ ನೋಡಿದ, ನಗಲಿಲ್ಲ. "ಏನೂ ಬೇಡ. ಸುಮ್ನೆ ನೋಡಿ ಹೋಗೋಣ ಅಂತ," ಎಂದ, ನಿಜವಾದ ಗಿರಾಕಿಗಳು ಹೇಳುವ ಹಾಗೆಯೇ. ಅವನೂ ಆಟಕ್ಕೆ ಸೇರಿದನೋ, ನಿಜವಾಗಿಯೇ ಹಾಗೆಂದನೋ. ಅವಳಿಗೆ ಒಮ್ಮೆಗೇ ಸಾಕುಸಾಕಾಯಿತು.

"ಅರ್ಧ ತೊಗೊಳ್ಳೋ," ಎಂದಳು. "ಈಗ ಹೇಳ್ತಿದೀನಿ. ಪೂರ್ತಿ ತೊಗೊಂಡು ನಾನೇನ್ ಮಾಡ್ಲಿ."

ಅವನು ಕಪಾಟಿನೊಳಗಿನ ಒಂದು ಫ್ರೇಮನ್ನು ದೂರದಿಂದಲೇ ನೋಡುತ್ತಿದ್ದ, ತಲೆಕೆಳಗಾಗಿ ಇಟ್ಟಿದ್ದ ಫ್ರೇಮು. "ಆ ಮಳಿಗೇಲಿ ಸಂಜೆ ಆದ್ರೆ ಆಯ್ತಕ್ಕ. ಬೀಗ ಬೇರೆ ಯಾರೋ ಹಾಕ್ತಾರೆ. ಬಾಡಿಗೆ ಯಾರೋ ಕಟ್ತಾರೆ. ಮನೆಗೆ ಹೋಗ್ತೀನಿ, ನಿದ್ದೆ ಬರುತ್ತೆ. ಇಲ್ಲಿದ್ದಾಗ ಬರ್ತಿರ್ಲಿಲ್ಲ."

"ಅಂದ್ರೆ ಆರಾಮಾಗಿದೀಯಾ?"

"ಗೊತ್ತಿಲ್ಲ. ಒಂದೊಂದ್ ದಿನ ಬಸ್ಸಲ್ಲಿ ಈ ನಿಲ್ದಾಣ ಬಂದಾಗ ಎದ್ದು ನಿಂತ್ಬಿಡ್ತೀನಿ. ಆಮೇಲೆ ಮತ್ತೆ ಕೂತ್ಕೋತೀನಿ. ಪಕ್ಕದೋರು ನೋಡ್ತಾರೆ."

"ಹಂಗಾದ್ರೆ ಇಳಿಯೋ."

"ಇಳಿದು?"

ಅವಳ ಉತ್ತರಕ್ಕೆ ಕಾಯದೆ ಅವನು ಗಡಿಯಾರ ನೋಡಿ ಎದ್ದ. ಸ್ವೆಟರನ್ನು ಭುಜದ ಮೇಲೆ ಹಾಕಿಕೊಂಡು, ಕುರ್ಚಿಯನ್ನು ಇದ್ದ ಜಾಗಕ್ಕೆ ಸರಿಸಿ, "ಬರ್ತೀನಿ ಅಕ್ಕ," ಎಂದ. ಅವಳು ರೂಢಿಯಂತೆ ತಲೆಯಾಡಿಸಿ, "ಹೂಂ," ಎಂದಳು. ಅವನು ಮೆಟ್ಟಿಲಿಳಿದ.

ಬರ್ತೀನಿ. ಹೊರಡುವವರೆಲ್ಲ ಅನ್ನುವ ಮಾತು. ಹಾಲಿನವನು ಅನ್ನುತ್ತಾನೆ, ಇನ್ನೆಂದೂ ಈ ಕಡೆ ತಲೆಹಾಕದ ಗಿರಾಕಿಯೂ ಅನ್ನುತ್ತಾನೆ. ಹೋಗುತ್ತೇನೆ ಎನ್ನಬಾರದೆಂದು ಬರುತ್ತೇನೆ ಎನ್ನುವುದು. ಆದರೆ ನಿಜವಾಗಿ ಬರುವವರೂ ಅದನ್ನೇ ಅನ್ನಬೇಕಲ್ಲ. ಅವರಿಗೆಂದು ಬೇರೆ ಮಾತು ಎಲ್ಲಿದೆ? ಅವನು ಇದರಲ್ಲಿ ಯಾವುದನ್ನು ಅಂದ? ಹಲಗೆ ಎತ್ತುವಷ್ಟು ಹೊತ್ತಿಲ್ಲದೆ ಅದರ ಕೆಳಗೇ ನುಸುಳಿ ಅವಳು ಬಾಗಿಲಿಗೆ ಬಂದಳು. ತಮ್ಮ ಆಗಲೇ ರಸ್ತೆ ದಾಟಿ ಆಚೆಯ ಪಾದಚಾರಿ ಕಟ್ಟೆಯ ಮೇಲಿದ್ದ.

"ಯಾವಾಗ?" ಎಂದು ಕೇಳಿದಳು. ನಡುವೆ ಒಂದು ಲಾರಿ ಹೋಯಿತು. ಅವನು ತಿರುಗಿ, ಕಿವಿಗೆ ಕೈ ಹಿಡಿದು, ಏನು, ಎನ್ನುವಂತೆ ಗದ್ದ ಎತ್ತಿದ. ಪಕ್ಕದ ಅಂಗಡಿಯವನು ಪೇಪರಿನಿಂದ ತಲೆಯೆತ್ತಿ ನೋಡಿದ. ಈ ಬೀದಿಯಲ್ಲಿ ಅವಳ ಧ್ವನಿಯನ್ನು ಯಾರೂ ಇಷ್ಟು ಗಟ್ಟಿಯಾಗಿ ಕೇಳಿರಲಿಲ್ಲ. "ಯಾವಾಗ ಬರ್ತೀಯ?" ಎಂದು ಕೂಗಿದಳು.

ಅವನು ನಿಂತ ಜಾಗದಲ್ಲೇ ಏನೋ ಲೆಕ್ಕ ಹಾಕುವವನ ಹಾಗೆ ನೆಲ ನೋಡಿದ. ಆಮೇಲೆ, "ಭಾನುವಾರ ರಜ ನಂಗೆ," ಎಂದು ಕೂಗಿದ. ಅದು ಬರುತ್ತೇನೆ ಎಂದದ್ದೋ, ರಜದ ದಿನವಾದರೂ ಬಿಡು ಎಂದದ್ದೋ, ಸುಮ್ಮನೆ ಒಂದು ಸಂಗತಿ ಹೇಳಿದ್ದೋ. ಭಾನುವಾರ ಆ ಬೀದಿಯಲ್ಲಿ ಯಾರೂ ಅಂಗಡಿ ತೆಗೆಯುವುದಿಲ್ಲ, ಅಪ್ಪನ ಕಾಲದಿಂದಲೂ.

"ತೆಗೆದಿರ್ತೀನಿ," ಎಂದಳು. ಬಸ್ಸು ಬಂದು ಅಡ್ಡ ನಿಂತಿತ್ತು, ಅವನಿಗೆ ಕೇಳಿಸಿತೋ ಇಲ್ಲವೋ. ಅವಳು ಇನ್ನೊಂದು ಸಲ ಹೇಳಿದಳು.